62ನೇ ವಯಸ್ಸಿಗೆ ಮೊದಲ ಗೇಮ್ ಕನ್ಸೋಲ್: ಯಾವುದು ಕೊಳ್ಳಲಿ?

ಪ್ರಶ್ನೆ: ನನಗೆ 62 ವರ್ಷ. ಬ್ಯಾಂಕ್ ನೌಕರಿಯಿಂದ ನಿವೃತ್ತಳಾಗಿ ಶಿವಮೊಗ್ಗದಲ್ಲಿದ್ದೇನೆ. ಮೊಬೈಲಿನಲ್ಲಿ ಚೆಸ್, ಸುಡೊಕು ಬಿಟ್ಟರೆ ಯಾವ ವಿಡಿಯೋ ಗೇಮನ್ನೂ ಆಡಿದವಳಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ಆಡುವುದನ್ನು ನೋಡಿ ನನಗೂ ಆಸೆಯಾಗಿದೆ. ಅವರಿಗೋಸ್ಕರ ಅಲ್ಲ, ನನಗೋಸ್ಕರವೇ. ಮಗ ಪ್ಲೇಸ್ಟೇಷನ್ 5 ಅನ್ನುತ್ತಾನೆ. ಅಂಗಡಿಯವರು ಎಕ್ಸ್‌ಬಾಕ್ಸ್ ತೋರಿಸಿದರು. ಅಮೆರಿಕದಲ್ಲಿರುವ ಮಗಳು ಬರುವಾಗ ನಿಂಟೆಂಡೊ ತರುತ್ತೇನೆ ಅನ್ನುತ್ತಿದ್ದಾಳೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಸ್ವಲ್ಪ ನೋವಿದೆ, ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೇನೆ. ಮನೆಯ ಟಿವಿ 43 ಇಂಚು. 50 ಸಾವಿರದ ಆಸುಪಾಸು ಖರ್ಚು ಮಾಡಬಲ್ಲೆ. ಈ ವಯಸ್ಸಿನಲ್ಲಿ ಕಲಿಯುವುದು ಸಾಧ್ಯವೇ? ನೆನಪಿನ ಶಕ್ತಿಗೆ ಒಳ್ಳೆಯದಂತೆ, ನಿಜವೇ?

ಉತ್ತರ: ಮೊದಲು ತೀರ್ಪು, ಆಮೇಲೆ ಕಾರಣ. ಮಗಳು ತರುವುದು ಖಚಿತವಾದರೆ ನಿಂಟೆಂಡೊ ಸ್ವಿಚ್ 2, ಅಂದರೆ ಟಿವಿಗೆ ಜೋಡಿಸಿಯೂ ಕೈಯಲ್ಲಿ ಹಿಡಿದೂ ಆಡಬಹುದಾದ ಯಂತ್ರ, ತರಿಸಿಕೊಳ್ಳಿ. ಅದಾಗದಿದ್ದರೆ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಇಲ್ಲೇ ಕೊಳ್ಳಿ. ಎಕ್ಸ್‌ಬಾಕ್ಸ್ ಕೆಟ್ಟ ಯಂತ್ರವೇನಲ್ಲ, ಆದರೆ ನೀವು ಬರೆದದ್ದರಲ್ಲಿ ಅದನ್ನೇ ಕೊಳ್ಳಬೇಕಾದ ಕಾರಣ ಒಂದೂ ಕಾಣಲಿಲ್ಲ. ಮೊದಲು ಒಂದು ಸಂದರ್ಭದಲ್ಲಿ ಮಾತ್ರ ಅದೇ ಸರಿಯಾಗಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಮಗ ಮತ್ತು ಅಂಗಡಿಯವರು ನಿಮಗೆ 4ಕೆ, ಸೆಕೆಂಡಿಗೆ 120 ಫ್ರೇಮ್, ಒಂದು ಟೆರಾಬೈಟ್ ಎಂದೆಲ್ಲ ಹೇಳಿರುತ್ತಾರೆ. ಇಪ್ಪತ್ತು ವರ್ಷ ಆಡಿದವರಿಗೆ ಅದು ಮುಖ್ಯ. ಹೊಸಬರಿಗೆ ಮುಖ್ಯವಾಗುವುದು ಎರಡೇ: ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಮತ್ತು ಮೊದಲು ಆಡುವ ಆಟ. ಈ ಎರಡನ್ನು ಮೊದಲು ಗೊತ್ತುಮಾಡಿಕೊಂಡರೆ ಯಂತ್ರ ತಾನಾಗಿ ಗೊತ್ತಾಗುತ್ತದೆ. ಹೆಚ್ಚಿನವರು ಯಂತ್ರದಿಂದ ಶುರುಮಾಡುತ್ತಾರೆ, ಅದರ ಜೊತೆಗೆ ಬಂದ ಯಾವುದೋ ಗುಂಡು ಹಾರಿಸುವ ಆಟ ಹಾಕುತ್ತಾರೆ, ಹತ್ತು ನಿಮಿಷ ಗೋಡೆಗೆ ಮುಖಮಾಡಿ ನಿಂತು ತಲೆಸುತ್ತು ಬರಿಸಿಕೊಂಡು "ಇದು ನಮ್ಮಂಥವರಿಗಲ್ಲ" ಎಂದು ಎತ್ತಿಡುತ್ತಾರೆ.

ಆ ಗೋಡೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಷ್ಟವಿರುವುದು ಅಲ್ಲೇ, ಅದಕ್ಕೂ ವಯಸ್ಸಿಗೂ ನಂಟು ಕಡಿಮೆ. ಇವತ್ತಿನ ಕಂಟ್ರೋಲರ್‌ನಲ್ಲಿ ಎರಡು ಪುಟ್ಟ ಕಡ್ಡಿಗಳಿರುತ್ತವೆ, ಒಂದೊಂದು ಹೆಬ್ಬೆರಳಿಗೆ ಒಂದೊಂದು. ಎಡಗಡೆಯದು ಪಾತ್ರವನ್ನು ನಡೆಸುತ್ತದೆ, ಬಲಗಡೆಯದು ನೋಟವನ್ನು, ಅಂದರೆ ಆಟದ ಕ್ಯಾಮರಾವನ್ನು, ತಿರುಗಿಸುತ್ತದೆ. ನಿಜಜೀವನದಲ್ಲಿ ನಾವು ನಡೆಯುತ್ತಲೇ ತಲೆ ತಿರುಗಿಸುತ್ತೇವೆ, ಅದರ ಬಗ್ಗೆ ಯೋಚಿಸುವುದೂ ಇಲ್ಲ. ಇಲ್ಲಿ ಆ ಎರಡನ್ನೂ ಎರಡು ಹೆಬ್ಬೆರಳಿಗೆ ಹಂಚಿಕೊಟ್ಟು, ಎರಡೂ ಒಟ್ಟಿಗೆ ನಡೆಯಬೇಕು ಎನ್ನುತ್ತಾರೆ. ಸೈಕಲ್ ಕಲಿತ ಹಾಗೆ ಇದು ಮೈಗೆ ಹತ್ತಬೇಕಾದ ವಿದ್ಯೆ, ಓದಿ ತಿಳಿಯುವುದಲ್ಲ. ಎಂಟು ವರ್ಷದ ಹುಡುಗರು ಇದನ್ನು ಸಲೀಸಾಗಿ ಮಾಡುವುದು ಅವರ ಮೆದುಳು ಚುರುಕು ಎಂಬ ಒಂದೇ ಕಾರಣಕ್ಕಲ್ಲ. ನೂರಾರು ಗಂಟೆ ಬಿದ್ದೆದ್ದು ಆಡಿದ್ದಾರೆ, ಬಿದ್ದದ್ದಕ್ಕೆ ನಾಚಿಕೆಪಟ್ಟಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಲ ಹೆಬ್ಬೆರಳಿಗೆ ಕ್ಯಾಮರಾ ಕಡ್ಡಿಯೊಂದೇ ಅಲ್ಲ, ಬಲಗಡೆಯ ನಾಲ್ಕು ಗುಂಡಿಗಳೂ ಅದರ ಪಾಲಿಗೇ. ಜಿಗಿಯಲು, ಹಿಡಿಯಲು, ಹೊಡೆಯಲು ಎಲ್ಲಕ್ಕೂ ಅದೇ ಬೆರಳು ಅತ್ತಿತ್ತ ಓಡಾಡಬೇಕು. ಬುಡದಲ್ಲಿ ನೋವಿರುವವರಿಗೆ ಇದು ಸಂಜೆಯ ಹೊತ್ತಿಗೆ ತಿಳಿಯುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ಬಲಗಡ್ಡಿಯ ಹಂಗೇ ಇಲ್ಲದ ಆಟಗಳನ್ನು ಆರಿಸಿಕೊಳ್ಳಿ. ಪಕ್ಕದಿಂದ ಕಾಣುವ ಆಟ, ಮೇಲಿನಿಂದ ಕಾಣುವ ಆಟ, ಕ್ಯಾಮರಾವನ್ನು ತಾನೇ ನೋಡಿಕೊಳ್ಳುವ ಆಟ. ಇಂಥವು ಯಾವ ಯಂತ್ರದಲ್ಲಿ ಹೆಚ್ಚು, ಒಳ್ಳೆಯವು ಹೆಚ್ಚು ಎಂದು ಕೇಳಿದರೆ ಉತ್ತರ ನಿಂಟೆಂಡೊ.

ಇದು ಆಕಸ್ಮಿಕವಲ್ಲ. ನಿಂಟೆಂಡೊ 1889ರಲ್ಲಿ ಕ್ಯೋಟೊದಲ್ಲಿ ಹನಫುಡ ಎಂಬ ಇಸ್ಪೀಟು ಮಾಡುವ ಕಂಪನಿಯಾಗಿ ಹುಟ್ಟಿತು. ಮನೆಮಂದಿಯೆಲ್ಲ ಸುತ್ತ ಕೂತು ಆಡುವುದು ಅದರ ಹಳೆಯ ಕಸುಬು. 2006ರಲ್ಲಿ ವೀ ಎಂಬ ಕನ್ಸೋಲ್ ತಂದಾಗ ಅದರ ಕಂಟ್ರೋಲರನ್ನು ಟಿವಿ ರಿಮೋಟಿನಂತೆ ಮಾಡಿದರು. ಗುಂಡಿಗಳ ಕಾಡು ಕಂಡು ಹಿಂಜರಿಯುವವರೂ ಕೈಗೆತ್ತಿಕೊಳ್ಳಲಿ ಎಂಬುದೇ ಉದ್ದೇಶ. ಅಮೆರಿಕದ ವೃದ್ಧಾಶ್ರಮಗಳಲ್ಲಿ ಅಜ್ಜ ಅಜ್ಜಿಯರು ಅದರಲ್ಲಿ ಬೌಲಿಂಗ್ (ಚೆಂಡು ಉರುಳಿಸಿ ಪಿನ್ನುಗಳನ್ನು ಬೀಳಿಸುವ ಆಟ) ಪಂದ್ಯಾವಳಿಗಳನ್ನೇ ನಡೆಸಿದರು. 10 ಕೋಟಿಗೂ ಹೆಚ್ಚು ವೀ ಮಾರಾಟವಾದವು. ಪ್ಲೇಸ್ಟೇಷನ್ ಮಾಡುವ ಸೋನಿ, ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ಎರಡೂ ಮೊದಲಿನಿಂದ ಮುಖ್ಯವಾಗಿ ಆಡಿ ಪಳಗಿದವರಿಗೇ ಯಂತ್ರ ಮಾಡುತ್ತ ಬಂದವು. ಆ ವ್ಯತ್ಯಾಸ ಇವತ್ತಿಗೂ ಆಟಗಳಲ್ಲಿ ಕಾಣುತ್ತದೆ.

ನೀವು ಸ್ವಿಚ್ ಕೊಂಡರೆ ಮೊದಲು ಹಾಕಬೇಕಾದ ಆಟ ಕ್ಲಬ್‌ಹೌಸ್ ಗೇಮ್ಸ್, 2020ರದ್ದು. ಲೋಕದ 51 ಹಳೆಯ ಆಟಗಳು ಒಂದೇ ಡಬ್ಬಿಯಲ್ಲಿವೆ. ಪಟ್ಟಿಯ ಮೊದಲನೆಯದೇ ಮಂಕಾಲ, ಅಂದರೆ ನಮ್ಮ ಅಳಗುಳಿ ಮಣೆಯ ಬಂಧು. ಗುಳಿಯಿಂದ ಗುಳಿಗೆ ಬೀಜ ಹಂಚುತ್ತ ಹೋಗುವುದು ಅದೇ, ನಿಯಮಗಳು ಸ್ವಲ್ಪ ಬೇರೆ. ಲೂಡೋ ಇದೆ, ಪಗಡೆ ಆಡಿದವರಿಗೆ ವಿವರಿಸಬೇಕಿಲ್ಲ. ನೈನ್ ಮೆನ್ಸ್ ಮಾರಿಸ್ ಎಂದು ಹೆಸರಿರುವುದನ್ನು ತೆರೆದರೆ ನವಕಂಕರಿ ಕಾಣುತ್ತದೆ. ಹೇರ್ ಆ್ಯಂಡ್ ಹೌಂಡ್ಸ್ ಎಂಬುದು ಒಂದು ಮೊಲವನ್ನು ಮೂರು ನಾಯಿಗಳು ಸುತ್ತುಗಟ್ಟುವ ಆಟ, ಆಡು ಹುಲಿಯ ಜಾತಿಯದು. ಚೆಸ್ ಅಂತೂ ಇದ್ದೇ ಇದೆ. 35ನೆಯದು ಕೇರಂ! ಹೀಗೆ ನಿಯಮ ಗೊತ್ತಿರುವ ಆಟವನ್ನು ಗೊತ್ತಿಲ್ಲದ ಕಂಟ್ರೋಲರ್‌ನಲ್ಲಿ ಆಡುವುದರಿಂದ ಒಮ್ಮೆಗೆ ಒಂದೇ ಹೊಸ ವಿಷಯ ಕಲಿತಂತಾಗುತ್ತದೆ. ಯಜಮಾನರನ್ನೂ ಎದುರು ಕೂರಿಸಬಹುದು. ಯಂತ್ರವನ್ನು ಟಿವಿಯಿಂದ ಬಿಡಿಸಿ ಕೈಯಲ್ಲಿ ಹಿಡಿದರೆ ಹಲವನ್ನು ಮೊಬೈಲಿನಂತೆ ಪರದೆ ಮುಟ್ಟಿಯೇ ಆಡಬಹುದು.

ಎರಡನೆಯದು ಮಾರಿಯೊ ಕಾರ್ಟ್. ಕಾರು ಓಡಿಸುವುದು. ಹೊಸಬರಿಗೆ ಇದು ಕಷ್ಟವಲ್ಲವೇ ಎನ್ನಬೇಡಿ. ಇದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಎಂಬ ಆಯ್ಕೆ ಇದೆ, ಅದು ಕಾರನ್ನು ರಸ್ತೆಯಿಂದಾಚೆ ಬೀಳದಂತೆ ತಡೆಯುತ್ತದೆ. ಆಟೊ ಆಕ್ಸಿಲರೇಟ್ ಎಂಬುದನ್ನೂ ಹಾಕಿಕೊಂಡರೆ ವೇಗದ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕಾಗಿಲ್ಲ. ನಿಮ್ಮ ಹೆಬ್ಬೆರಳಿಗೆ ಇದು ದೊಡ್ಡ ಉಪಕಾರ. ಎಡಗಡ್ಡಿ ಒಂದನ್ನೇ ಅಲುಗಿಸುತ್ತ ಹೋಗಬಹುದು. ವಾರ ಕಳೆದ ಮೇಲೆ ಒಂದೊಂದಾಗಿ ತೆಗೆದುಹಾಕಿ.

ಮೂರನೆಯದು ಸೂಪರ್ ಮಾರಿಯೊ ಬ್ರದರ್ಸ್ ವಂಡರ್, 2023ರ ಅಕ್ಟೋಬರಿನಲ್ಲಿ ಬಂದದ್ದು. ಪಕ್ಕದಿಂದ ಕಾಣುವ ಓಟ, ಜಿಗಿತ. ಪಾತ್ರ ಆರಿಸುವಾಗ ಯೋಶಿ ಅಥವಾ ನ್ಯಾಬಿಟ್ ಆರಿಸಿಕೊಳ್ಳಿ. ಶತ್ರು ತಾಗಿದರೂ ಇವರಿಗೆ ಪೆಟ್ಟಿಲ್ಲ, ಹಳ್ಳಕ್ಕೋ ಕುದಿಯುವ ಲಾವಾಕ್ಕೋ ಬಿದ್ದರೆ ಸಾವು. ಮೊಮ್ಮಕ್ಕಳು ಇದನ್ನು ಮೋಸ ಅನ್ನಬಹುದು. ಕಂಪನಿಯೇ ಇಟ್ಟ ಬಾಗಿಲಿನಿಂದ ಒಳಹೊಕ್ಕರೆ ಅದು ಹೇಗೆ ಮೋಸವಾಗುತ್ತದೆ?

ಇನ್ನು ನಿಮ್ಮಂಥ ನಿವೃತ್ತ ಬ್ಯಾಂಕಿನವರಿಗೆಂದೇ ಮಾಡಿದಂತಿರುವ ಆಟ ಆ್ಯನಿಮಲ್ ಕ್ರಾಸಿಂಗ್: ನ್ಯೂ ಹೊರೈಝನ್ಸ್. 2020ರ ಮಾರ್ಚ್‌ನಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡ ದಿನಗಳಲ್ಲಿ ಬಂತು. ಒಂದು ದ್ವೀಪ, ಅಲ್ಲಿ ನಿಮ್ಮದೊಂದು ಗುಡಾರ, ಸುತ್ತ ಮಾತಾಡುವ ಪ್ರಾಣಿಗಳು. ಗಿಡ ನೆಡುವುದು, ಮೀನು ಹಿಡಿಯುವುದು, ಮನೆ ಕಟ್ಟುವುದು. ಸೋಲು ಎಂಬುದೇ ಇಲ್ಲ. ಆಟದ ಗಡಿಯಾರ ನಿಜವಾದ ಗಡಿಯಾರದ ಜೊತೆಗೇ ಓಡುತ್ತದೆ, ಇಲ್ಲಿ ಸಂಜೆಯಾದರೆ ಅಲ್ಲೂ ಸಂಜೆ, ಆದ್ದರಿಂದ ದಿನಕ್ಕೆ ಅರ್ಧ ಗಂಟೆಗೆ ಹೇಳಿ ಮಾಡಿಸಿದ್ದು. ಟಾಮ್ ನುಕ್ ಎಂಬ ಸಾಹುಕಾರ ಗೃಹಸಾಲ ಕೊಡುತ್ತಾನೆ. ಬಡ್ಡಿ ಇಲ್ಲ, ಕಂತಿಲ್ಲ, ಗಡುವಿಲ್ಲ. ಸಾಲದ ಫೈಲು ನೋಡಿದ ಕಣ್ಣಿಗೆ ಇದು ಮೊದಲ ದಿನವೇ ಅನುಮಾನ ಹುಟ್ಟಿಸುತ್ತದೆ, ಆದರೆ ನಿಜಕ್ಕೂ ಷರತ್ತೇನಿಲ್ಲ. ಉಳಿತಾಯ ಖಾತೆಗೆ ಮಾತ್ರ ಬಡ್ಡಿ ಉಂಟು, 2020ರ ಏಪ್ರಿಲ್‌ನಲ್ಲಿ ಅದನ್ನು ಇಳಿಸಿಬಿಟ್ಟಾಗ ಆರ್ಥಿಕ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಭಾನುವಾರ ಬೆಳಿಗ್ಗೆ ಟರ್ನಿಪ್ ಗೆಡ್ಡೆ ಕೊಂಡು ವಾರದೊಳಗೆ ಒಳ್ಳೆಯ ದರ ನೋಡಿ ಮಾರುವ ಸಟ್ಟಾ ಬೇರೆ ಇದೆ. ಮುಂದಿನ ಭಾನುವಾರಕ್ಕೆ ಮಾರದಿದ್ದರೆ ಕೊಳೆತುಹೋಗುತ್ತವೆ.

ಸಣ್ಣ ಆಟಗಳಲ್ಲಿ ಎರಡನ್ನು ಹೇಳುತ್ತೇನೆ. ಇವೆರಡೂ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲೂ ಸಿಗುತ್ತವೆ. ಎ ಶಾರ್ಟ್ ಹೈಕ್ ಎಂಬುದರಲ್ಲಿ ಒಂದು ಹಕ್ಕಿ ಬೆಟ್ಟ ಹತ್ತುತ್ತದೆ. ದಾರಿಯಲ್ಲಿ ಸಿಕ್ಕವರ ಜೊತೆ ಮಾತಾಡುತ್ತ, ಬೇಕಾದ ಕಡೆ ತಿರುಗುತ್ತ ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ. ಇನ್ನೊಂದು ವೆಂಬಾ, 2023ರದ್ದು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿ ಮತ್ತು ಅವರ ಮಗನ ಕಥೆ. ಅಡುಗೆಯೇ ಅದರಲ್ಲಿ ಒಗಟು. ಮೊದಲನೆಯದು ಇಡ್ಲಿ: ಅಮ್ಮನ ಹರಿದ ಅಡುಗೆ ಪುಸ್ತಕ ನೋಡಿಕೊಂಡು ಪಾತ್ರೆಯಲ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕೆಂದು ಕಂಡುಹಿಡಿಯಬೇಕು. ಅಮೆರಿಕದ ಹುಡುಗರು ಇಲ್ಲಿ ತಲೆಕೆರೆದುಕೊಳ್ಳುತ್ತಾರೆ, ನೀವು ಅರ್ಧ ನಿಮಿಷದಲ್ಲಿ ಮುಂದೆ ಹೋಗಿರುತ್ತೀರಿ. ಕಥೆ ಮಾತ್ರ ಹಗುರವಲ್ಲ, ಮಗಳು ದೂರದಲ್ಲಿರುವವರಿಗೆ ತಟ್ಟುತ್ತದೆ.

ಈಗ ಯಾವ ಸ್ವಿಚ್ ಎಂಬ ಪ್ರಶ್ನೆ. ಹಳೆಯ ಸ್ವಿಚ್ 2017ರದ್ದು. 2019ರಲ್ಲಿ ಲೈಟ್, 2021ರಲ್ಲಿ 7 ಇಂಚಿನ ಒಎಲ್‌ಇಡಿ ಪರದೆಯದು, 2025ರ ಜೂನ್ 5ರಂದು ಸ್ವಿಚ್ 2 ಬಂದವು. ಲೈಟ್ ಬೇಡ. ಅಗ್ಗವೆಂದು ಯಾರಾದರೂ ಹೇಳಿಯಾರು, ಆದರೆ ಅದು ಟಿವಿಗೆ ಜೋಡಿಸಲು ಬರುವುದಿಲ್ಲ, 5.5 ಇಂಚಿನ ಪರದೆಯ ಅಕ್ಷರ ಓದಲು ನೀವು ಗಲ್ಲ ಎತ್ತಿ ಎತ್ತಿ ಕುತ್ತಿಗೆ ನೋಯಿಸಿಕೊಳ್ಳುತ್ತೀರಿ. ಉಳಿದವುಗಳಲ್ಲಿ, ನಾನು ಹೇಳಿದ ಆಟಗಳೆಲ್ಲ ಹಳೆಯದರಲ್ಲೂ ಓಡುತ್ತವೆ. ನೆಂಟರಿಷ್ಟರಲ್ಲಿ ಯಾರದ್ದಾದರೂ ಒಎಲ್‌ಇಡಿ ಸ್ವಿಚ್ ಮೂಲೆಯಲ್ಲಿ ಕೂತಿದ್ದರೆ ಅದನ್ನೇ ಕೇಳಿ ತೆಗೆದುಕೊಳ್ಳಿ, ಹಣ ಉಳಿಯಿತು. ಹೊಸದೇ ಆದರೆ ಸ್ವಿಚ್ 2. ಯಾಕೆಂದರೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಹಳೆಯ ಸ್ವಿಚ್‌ಗಳ ಬೆಲೆ ಏರಿಸಿದಾಗ ಒಎಲ್‌ಇಡಿ 400 ಡಾಲರ್ ಮುಟ್ಟಿತು. ಸ್ವಿಚ್ 2 ಬಿಡುಗಡೆಯಾದದ್ದು 450 ಡಾಲರಿಗೆ. ಅಷ್ಟು ಅಂತರಕ್ಕೆ 7.9 ಇಂಚಿನ ಪರದೆ ಸಿಗುತ್ತದೆ, ಹಳೆಯ ಆಟಗಳೂ ಬಹುತೇಕ ಎಲ್ಲ ನಡೆಯುತ್ತವೆ. ಭಾರ ಮಾತ್ರ ಹೆಚ್ಚು: ಎರಡು ಬದಿಯ ಕಂಟ್ರೋಲರ್ ಸೇರಿ ಅರ್ಧ ಕಿಲೋ ದಾಟುತ್ತದೆ, ಹಳೆಯ ಒಎಲ್‌ಇಡಿ 420 ಗ್ರಾಂ. ನೀವು ಹೆಚ್ಚಾಗಿ ಟಿವಿಯಲ್ಲೇ ಆಡುವುದರಿಂದ ಇದು ದೊಡ್ಡ ವಿಷಯವಲ್ಲ. ಕೈಯಲ್ಲಿ ಹಿಡಿದಾಗ ತೊಡೆಯ ಮೇಲೊಂದು ದಿಂಬಿಟ್ಟುಕೊಂಡು ಅದರ ಮೇಲೆ ಊರಿ.

ಜೊತೆಗೆ ಬರುವ ಜಾಯ್‌ಕಾನ್ ಎಂಬ ಪುಟ್ಟ ಕಂಟ್ರೋಲರ್‌ಗಳನ್ನು ಮಾತ್ರ ನಂಬಿ ಕೂರಬೇಡಿ. ಹೆಬ್ಬೆರಳು ನೋಯುವವರಿಗೆ ಅವು ತೀರ ಸಣ್ಣವು. ಹಳೆಯ ಸ್ವಿಚ್‌ನ ಜಾಯ್‌ಕಾನ್‌ಗಳಿಗೆ ಮುಟ್ಟದಿದ್ದರೂ ಕಡ್ಡಿ ತಾನೇ ಒಂದು ಕಡೆ ಜಾರುವ ರೋಗವೂ ಇತ್ತು, ಅದಕ್ಕೆ ಕೋರ್ಟು ಕೇಸುಗಳೂ ಆದವು. ಪ್ರೊ ಕಂಟ್ರೋಲರ್ ಎಂದು ಬೇರೆಯಾಗಿ ಸಿಗುತ್ತದೆ, ಅಂಗೈ ತುಂಬ ಕೂರುತ್ತದೆ. ಇದು ನಿಮಗೆ ಐಷಾರಾಮವಲ್ಲ, ಅಗತ್ಯ. ಇದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಿಂಟೆಂಡೊದ ಕೊರತೆಯನ್ನೂ ಮುಚ್ಚಿಡಬಾರದು. ಭಾರತದಲ್ಲಿ ಕಂಪನಿ ಅಧಿಕೃತವಾಗಿ ಮಾರುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಕಡೆಯ ಅಂಗಡಿಗಳಲ್ಲಿ, ಆನ್‌ಲೈನ್ ಮಳಿಗೆಗಳಲ್ಲಿ ಸಿಗುವುದೆಲ್ಲ ಹೊರಗಿನಿಂದ ತಂದದ್ದು, ಬೆಲೆ ಅವರವರ ಇಷ್ಟ, ಕಂಪನಿಯ ವಾರಂಟಿ ಇಲ್ಲ. ಕೆಟ್ಟರೆ ರಿಪೇರಿ ಅಂಗಡಿಯೇ ಗತಿ, ಇಲ್ಲವೇ ಮಗಳು ಮತ್ತೆ ಹೊತ್ತೊಯ್ಯಬೇಕು. ಆಟಗಳು ಬೇಗ ಅಗ್ಗವಾಗುವುದೂ ಇಲ್ಲ. 2017ರ ಮಾರಿಯೊ ಕಾರ್ಟ್ 8 ಡೀಲಕ್ಸ್ ವರ್ಷಗಟ್ಟಲೆ ಪೂರ್ತಿ ಬೆಲೆಯಲ್ಲೇ ಕೂತಿತ್ತು. ಇಷ್ಟಿದ್ದೂ ನನ್ನ ಮತ ಬದಲಾಗುವುದಿಲ್ಲ, ಏಕೆಂದರೆ ನಿಮಗೆ ವರ್ಷಕ್ಕೆ ಬೇಕಾಗುವುದು ಮೂರು ನಾಲ್ಕು ಆಟ. ಆದರೆ ತಂದುಕೊಡುವ ಮಗಳು ಇಲ್ಲದಿದ್ದರೆ ಬದಲಾಗುತ್ತಿತ್ತು.

ಆಗ ಪ್ಲೇಸ್ಟೇಷನ್ 5. ಭಾರತಕ್ಕೆ 2021ರ ಫೆಬ್ರುವರಿ 2ರಂದು ಬಂತು. ತೆಳ್ಳಗಿನ ಸ್ಲಿಮ್ ಮಾದರಿ 2024ರ ಏಪ್ರಿಲ್‌ನಲ್ಲಿ ಬಂದಾಗ ಡಿಸ್ಕ್ ಹಾಕುವುದಕ್ಕೆ 54,990, ಡಿಸ್ಕ್ ಇಲ್ಲದ್ದಕ್ಕೆ 44,990 ರೂಪಾಯಿ ಇಟ್ಟಿದ್ದರು. ಹಬ್ಬದ ಸಮಯದಲ್ಲಿ ಇಳಿಸುವುದುಂಟು, ಕಾದರೆ ನಿಮ್ಮ ಲೆಕ್ಕದೊಳಗೆ ಬರಬಹುದು. ವಾರಂಟಿ, ಬಿಲ್ಲು, ಸರ್ವಿಸ್ ಎಲ್ಲ ಇಲ್ಲೇ. ಡಿಸ್ಕ್ ಮಾದರಿಯನ್ನೇ ಏಕೆ ಹೇಳುತ್ತೇನೆಂದರೆ, ಇಷ್ಟವಾಗದ ಆಟವನ್ನು ಮಾರಬಹುದು, ಮಗನ ಹತ್ತಿರ ಇರುವುದನ್ನು ಕಡ ತರಬಹುದು. ಹೊಸಬರಿಗೆ ತಮ್ಮ ರುಚಿ ಗೊತ್ತಿರುವುದಿಲ್ಲ, ಡೌನ್‌ಲೋಡ್ ಮಾಡಿಕೊಂಡ ಆಟ ಹಿಡಿಸದಿದ್ದರೆ ಹಣ ಹೋದಂತೆಯೇ.

ಪ್ಲೇಸ್ಟೇಷನ್ನಿನ ಒಂದು ದೊಡ್ಡ ಗುಣ ಪೆಟ್ಟಿಗೆಯೊಳಗೇ ಇದೆ. ಆಸ್ಟ್ರೋಸ್ ಪ್ಲೇರೂಮ್ ಎಂಬ ಆಟ ಯಂತ್ರದ ಜೊತೆ ಉಚಿತ. ಪುಟಾಣಿ ರೋಬೋ ಒಂದನ್ನು ನಡೆಸುತ್ತ ಕಂಟ್ರೋಲರ್‌ನ ಒಂದೊಂದು ಅಂಗವನ್ನೂ ಪರಿಚಯಿಸುತ್ತದೆ. ಮರಳಿನ ಮೇಲೆ ನಡೆದರೆ ಅಂಗೈಯಲ್ಲಿ ಮರಳೇ ಜರುಗಿದಂತೆ ಕಂಪನ. ಕ್ಯಾಮರಾ ತಿರುಗಿಸುವ ಕೆಲಸ ಕಡಿಮೆ. ಅದು ಇಷ್ಟವಾದರೆ ಅದರ ಅಣ್ಣ ಆಸ್ಟ್ರೋ ಬಾಟ್ ಕೊಳ್ಳಿ, 2024ರಲ್ಲಿ ವರ್ಷದ ಆಟವೆಂದು ಪ್ರಶಸ್ತಿ ಗೆದ್ದದ್ದು. ಇನ್ನೊಂದು ಅನುಕೂಲವನ್ನು ಮಗನಿಗೆ ಹೇಳಿ: ಎರಡು ಕಂಟ್ರೋಲರ್‌ಗಳನ್ನು ಒಂದೇ ಆಟಗಾರನದ್ದಾಗಿ ಜೋಡಿಸುವ ವ್ಯವಸ್ಥೆ ಇದರಲ್ಲಿದೆ. ನಡೆಯುವುದು ನೀವು ನೋಡಿಕೊಳ್ಳಿ, ಕ್ಯಾಮರಾ ಅವನು ತಿರುಗಿಸಲಿ. ಎರಡು ಕಡ್ಡಿಯ ವಿದ್ಯೆಯನ್ನು ಅರ್ಧರ್ಧ ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಇದು ಇನ್ನೂ ಮೊದಲೇ ಇತ್ತು.

ಆದರೆ ಪ್ಲೇಸ್ಟೇಷನ್ನಿನ ಹೆಸರುವಾಸಿ ಆಟಗಳಲ್ಲಿ ಹೆಚ್ಚಿನವು ಕೊಡಲಿ, ರಕ್ತ, ಕತ್ತಲು. ಮಗ ಅವನ್ನೇ ಹೊಗಳುತ್ತಿರಬಹುದು. ವರ್ಷ ಕಳೆದ ಮೇಲೆ ನೋಡಿದರಾಯಿತು.

ಎಕ್ಸ್‌ಬಾಕ್ಸ್ ಯಾವಾಗ ಸರಿ? ನಿಮಗೆ ವಿಮಾನ ಹಾರಿಸುವ ಹುಚ್ಚಿದ್ದರೆ ಎಂದು 2025ರವರೆಗೂ ಹೇಳಬಹುದಿತ್ತು, ಈಗ ಅದಕ್ಕೆ ಬೇಕಾದ ಆಟ ಪ್ಲೇಸ್ಟೇಷನ್ 5ಕ್ಕೂ ಬಂದಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇಡೀ ಭೂಮಿ ಇದೆ, ಪಶ್ಚಿಮ ಘಟ್ಟದ ಮೇಲೆ ನಿಧಾನವಾಗಿ ಹಾರುತ್ತ ಶರಾವತಿಯ ಹಿನ್ನೀರು ನೋಡಬಹುದು. ಅದಕ್ಕೆ ಒಳ್ಳೆಯ ಇಂಟರ್‌ನೆಟ್ ಬೇಕು. ಉಳಿದಂತೆ ಅಂಗಡಿಯವರು ಹೇಳುವ ಗೇಮ್ ಪಾಸ್, ತಿಂಗಳ ಚಂದಾ ಕಟ್ಟಿದರೆ ನೂರಾರು ಆಟ, ಅದು ಹೊಸಬರಿಗೆ ವರ ಎಂದು ನನಗನ್ನಿಸುವುದಿಲ್ಲ. ನೂರಾರು ಆಟಗಳ ಮುಂದೆ ಕೂತವರು ಒಂದೊಂದನ್ನೂ ಹತ್ತು ನಿಮಿಷ ಆಡಿ ಯಾವುದನ್ನೂ ಕಲಿಯುವುದಿಲ್ಲ. 2025ರ ಅಕ್ಟೋಬರಿನಲ್ಲಿ ಅದರ ದುಬಾರಿ ಚಂದಾ ಅಮೆರಿಕದಲ್ಲಿ 20 ಡಾಲರಿನಿಂದ 30ಕ್ಕೆ ಏರಿದ್ದನ್ನೂ ಗಮನದಲ್ಲಿಡಿ. ಕೈಯ ತೊಂದರೆ ಹೆಚ್ಚಾದವರಿಗೆ ಮಾತ್ರ ಮೈಕ್ರೋಸಾಫ್ಟ್ 2018ರಲ್ಲಿ ತಂದ ಅಡಾಪ್ಟಿವ್ ಕಂಟ್ರೋಲರ್ ದೊಡ್ಡ ನೆರವು: ಅಂಗೈಯಗಲದ ಎರಡು ಗುಂಡಿಗಳು, ಬೇಕಾದ ಸ್ವಿಚ್ಚುಗಳನ್ನು ಹೊರಗಿನಿಂದ ಜೋಡಿಸುವ ಕಿಂಡಿಗಳು. ಸೋನಿಯ ಆ್ಯಕ್ಸೆಸ್ ಕಂಟ್ರೋಲರ್ 2023ರದ್ದು. ನೀವು ಬರೆದ ನೋವಿನ ಮಟ್ಟಕ್ಕೆ ಇವು ಬೇಕಾಗಲಾರವು.

ಕನ್ನಡಕದ ಮಾತಿಗೆ ಬರೋಣ. ಪ್ರೋಗ್ರೆಸಿವ್ ಹಾಕಿದವರು ಟಿವಿ ನೋಡುವುದು ಗಾಜಿನ ಮೇಲ್ಭಾಗದಿಂದ, ಗುಂಡಿ ಹುಡುಕಲು ತಲೆ ಬಗ್ಗಿಸಿದಾಗ ಕೆಳಭಾಗದಿಂದ. ಹೊಸಬರು ಹೆಜ್ಜೆಗೊಮ್ಮೆ ಹೀಗೆ ಮೇಲೆ ಕೆಳಗೆ ನೋಡುತ್ತಾರೆ, ಅರ್ಧ ಗಂಟೆಯಲ್ಲಿ ತಲೆ ಭಾರ. ಮದ್ದು ಸರಳ: ಮೊದಲ ದಿನ ಆಟವನ್ನೇ ಹಾಕದೆ ಯಂತ್ರದ ಮೆನುವಿನಲ್ಲಿ ಓಡಾಡಿ. ಒಳಗೆ ಹೋಗಿ, ಹೊರಗೆ ಬನ್ನಿ, ಅಕ್ಷರ ದಪ್ಪ ಮಾಡಿ, ಭಾಷೆ ಬದಲಿಸಿ ಮತ್ತೆ ತನ್ನಿ. ಕೈ ನೋಡದೆ. ಅಲ್ಲಿ ಸಾಯುವವರು ಯಾರೂ ಇಲ್ಲ. ಗುಂಡಿಗಳ ಮೇಲಿನ ಅಕ್ಷರಗಳ ಬಗ್ಗೆ ಒಂದು ಎಚ್ಚರಿಕೆ: ನಿಂಟೆಂಡೊದಲ್ಲಿ 'ಎ' ಬಲಕ್ಕಿದ್ದರೆ ಎಕ್ಸ್‌ಬಾಕ್ಸ್‌ನಲ್ಲಿ ಅದು ಕೆಳಗೆ. ಪ್ಲೇಸ್ಟೇಷನ್ನಿನಲ್ಲಿ ಅಕ್ಷರವೇ ಇಲ್ಲ, ಕತ್ತರಿ ಗೀಟು, ವೃತ್ತ, ಚೌಕ, ತ್ರಿಕೋನ. ಮೊಮ್ಮಕ್ಕಳ ಮನೆಯಲ್ಲಿ ಒಂದು, ನಿಮ್ಮ ಮನೆಯಲ್ಲಿ ಒಂದು ಇದ್ದರೆ ಬೆರಳು ಗಲಿಬಿಲಿಯಾಗುವುದು ಸಹಜ. ಮೂರರಲ್ಲಿ ಯಾವುದರ ಮೆನುವೂ ಕನ್ನಡದಲ್ಲಿಲ್ಲ, ಬ್ಯಾಂಕಿನ ಸುತ್ತೋಲೆಗಳನ್ನು ಓದಿದ ನಿಮಗೆ ಅದು ಅಡ್ಡಿಯಾಗದು.

ಪರದೆಯ ಒಂದು ಭಾಗವನ್ನು ದೊಡ್ಡದು ಮಾಡಿ ನೋಡುವ ಝೂಮ್ ಮೂರರಲ್ಲೂ ಇದೆ. ಸ್ವಿಚ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಒಮ್ಮೆ ತೆರೆದಿಟ್ಟರೆ ಹೋಮ್ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು. ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿಕೊಳ್ಳುವುದೂ ಮೂರರಲ್ಲಿ ಸಾಧ್ಯ. ನೋವು ಹೆಚ್ಚಾದ ದಿನ ಜಿಗಿತವನ್ನು ತೋರುಬೆರಳಿನ ಗುಂಡಿಗೆ ವರ್ಗಾಯಿಸಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ನೀವು ಒತ್ತಿದ್ದಕ್ಕೂ ಪಾತ್ರ ಜಿಗಿಯುವುದಕ್ಕೂ ನಡುವೆ ಸೆಕೆಂಡಿನ ಒಂದು ಚೂರು ತಡ ಬೀಳುತ್ತದೆ. ಆ ತಪ್ಪು ಟಿವಿಯದ್ದು ಎಂದು ತಿಳಿಯದೆ ಎಷ್ಟೋ ಜನ ತಮ್ಮ ವಯಸ್ಸನ್ನು ದೂರುತ್ತಾರೆ. ಸೋಫಾವನ್ನು ನಾಲ್ಕೈದು ಅಡಿಗೆ ಎಳೆದುಕೊಳ್ಳಿ.

ಕರೆಂಟಿನ ಮಾತು ಇದ್ದೇ ಇದೆ. ಮಳೆಗಾಲದ ಶಿವಮೊಗ್ಗದ ಬಗ್ಗೆ ನಾನು ನಿಮಗೆ ಹೇಳಬೇಕೇ? ಸ್ವಿಚ್‌ನಲ್ಲಿ ಬ್ಯಾಟರಿ ಇದೆ, ಕರೆಂಟ್ ಹೋದರೆ ಡಾಕ್‌ನಿಂದ (ಟಿವಿಗೆ ಜೋಡಿಸುವ ಪೀಠದಿಂದ) ಎತ್ತಿ ಅದರ ಪರದೆಯಲ್ಲೇ ಮುಂದುವರಿಸಬಹುದು. ಪ್ಲೇಸ್ಟೇಷನ್ 5 ಭಾರೀ ಆಟಗಳಲ್ಲಿ 200 ವ್ಯಾಟ್ ಆಸುಪಾಸು ಎಳೆಯುತ್ತದೆ, ಆಟ ಎಲ್ಲಿಗೆ ಬಂತೆಂದು ಅದು ಬರೆದುಕೊಳ್ಳುತ್ತಿರುವಾಗ ಕರೆಂಟ್ ಹೋದರೆ ಆ ದಾಖಲೆ, ಅಂದರೆ ಸೇವ್, ಕೆಡುವ ಅಪಾಯವಿದೆ. ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿಡಿ.

ಕಲಿಯುವುದು ಸಾಧ್ಯವೇ ಎಂದಿರಿ. ಜಪಾನಿನ ಹಮಾಕೊ ಮೋರಿ 1981ರಲ್ಲಿ, ಐವತ್ತು ದಾಟಿದ ಮೇಲೆ ಮೊದಲ ಕನ್ಸೋಲ್ ಕೊಂಡರು. 2020ರಲ್ಲಿ, 90ನೇ ವಯಸ್ಸಿನಲ್ಲಿ, ಲೋಕದ ಅತಿ ಹಿರಿಯ ಗೇಮಿಂಗ್ ಯೂಟ್ಯೂಬರ್ ಎಂದು ಗಿನ್ನೆಸ್ ದಾಖಲೆಯಾಯಿತು. ಅವರು ಆಡುತ್ತಿದ್ದುದು ಮಕ್ಕಳ ಆಟಗಳನ್ನಲ್ಲ. ವಯಸ್ಸಾದಂತೆ ಬೆರಳಿನ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಹೊಸಬರನ್ನು ಹೆಚ್ಚು ಕಾಡುವುದು ಆಟಗಳ ಹೇಳದ ಕಟ್ಟಳೆಗಳು: ಹೊಳೆಯುವ ವಸ್ತುವನ್ನು ಎತ್ತಿಕೊಳ್ಳಬಹುದು, ಬಿರುಕು ಬಿಟ್ಟ ಗೋಡೆಯನ್ನು ಒಡೆಯಬಹುದು, ಕೆಂಪು ಪೀಪಾಯಿ ಸಿಡಿಯುತ್ತದೆ. ಇದನ್ನು ಯಾವ ಆಟವೂ ಬಾಯಿಬಿಟ್ಟು ಹೇಳುವುದಿಲ್ಲ. ಮೊಮ್ಮಕ್ಕಳಿಂದ ಕಲಿಯಬೇಕಾದದ್ದು ಇದನ್ನು. ಒಂದೇ ನಿಯಮ ಇಡಿ: ಬಾಯಲ್ಲಿ ಹೇಳಬಹುದು, ಕಂಟ್ರೋಲರ್ ಕಿತ್ತುಕೊಳ್ಳುವಂತಿಲ್ಲ. "ಕೊಡಿ ಅಜ್ಜಿ, ಈ ಒಂದು ಜಾಗ ದಾಟಿಸಿಕೊಡ್ತೀನಿ" ಎಂದು ಶುರುವಾದರೆ ಆ ಸಂಜೆಯ ಪಾಠ ಮುಗಿದಂತೆ.

ನೆನಪಿನ ಶಕ್ತಿಯ ಬಗ್ಗೆ ನಾನು ಜಿಪುಣ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. 60ರಿಂದ 85 ವರ್ಷದವರಿಗೆ ನ್ಯೂರೋರೇಸರ್ ಎಂಬ ಆಟ ಆಡಿಸಿದಾಗ ಎರಡು ಕೆಲಸವನ್ನು ಒಟ್ಟಿಗೆ ನಿಭಾಯಿಸುವ ಶಕ್ತಿ ಸುಧಾರಿಸಿತು. ಆದರೆ ಅದು ಆ ಪ್ರಯೋಗಕ್ಕೆಂದೇ ಪ್ರಯೋಗಾಲಯದಲ್ಲಿ ಮಾಡಿದ ಆಟ, ಅಂಗಡಿಯ ಮಾಲಲ್ಲ. ಇನ್ನೊಂದೆಡೆ, ಮೆದುಳಿನ ಕಸರತ್ತೆಂದು ಆ್ಯಪ್ ಮಾರುತ್ತಿದ್ದ ಲ್ಯುಮೋಸಿಟಿ, ನೆನಪು ಕುಗ್ಗುವುದನ್ನು ತಡೆಯುತ್ತೇವೆ ಎಂಬಂಥ ಜಾಹೀರಾತಿಗಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆತ್ತಿತು. ಔಷಧಿ ಎಂದು ಕೊಳ್ಳಬೇಡಿ. ಚೆಸ್ ಆಡುವಾಗ ನೀವು ಆರೋಗ್ಯದ ಲೆಕ್ಕ ಹಾಕುತ್ತಿರಲಿಲ್ಲವಲ್ಲ, ಇದನ್ನೂ ಹಾಗೇ ಆಡಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಎದ್ದು ಬನ್ನಿ, ಬೆರಳು ಜೋಮು ಹಿಡಿದರೆ ಆ ದಿನಕ್ಕೆ ಸಾಕು, ಮತ್ತೆ ಮತ್ತೆ ಹಿಡಿದರೆ ವೈದ್ಯರಿಗೆ ತೋರಿಸಿ. ತಲೆಸುತ್ತು ಬರುವ ಆಟಗಳಲ್ಲಿ ಮೋಶನ್ ಬ್ಲರ್ (ವೇಗಕ್ಕೆ ಚಿತ್ರ ಮಸುಕಾಗುವುದು), ಕ್ಯಾಮರಾ ಶೇಕ್ (ನೋಟ ಅಲುಗಾಡುವುದು) ಎಂಬವನ್ನು ಆಫ್ ಮಾಡಿಬಿಡಿ. ಹಾಗೆಯೇ ಮನೆಯಲ್ಲಿ ಯಾರಾದರೂ ಆನ್‌ಲೈನ್ ರಮ್ಮಿಯ ಸುದ್ದಿ ಓದಿ ಹೆದರಿಸಿದರೆ, 2025ರ ಕೇಂದ್ರದ ಕಾನೂನು ನಿಷೇಧಿಸಿರುವುದು ಹಣ ಪಣಕ್ಕಿಟ್ಟು ಆಡುವುದನ್ನು, ನಿಮ್ಮ ಮಾರಿಯೊಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿ.

ಮಗಳಿಗೆ ಕಳಿಸಬೇಕಾದ ಸಂದೇಶ ಇಷ್ಟು. ಸ್ವಿಚ್ 2 ಅಮೆರಿಕದಲ್ಲೇ ಕೊಳ್ಳಲಿ. ಬರುವಾಗ ದಾರಿಯಲ್ಲಿ ಟೋಕಿಯೊ ಇದ್ದು ಅಲ್ಲಿ ಅಗ್ಗ ಎಂದು ಯಾರಾದರೂ ಹೇಳಿದರೆ ಕೇಳುವುದು ಬೇಡ: ಜಪಾನಿನ ಅಗ್ಗದ ಮಾದರಿಯಲ್ಲಿ ಜಪಾನಿ ಭಾಷೆ ಮಾತ್ರ, ಜಪಾನಿ ಖಾತೆ ಮಾತ್ರ. ಪ್ರೊ ಕಂಟ್ರೋಲರ್ ಒಂದು. ಕ್ಲಬ್‌ಹೌಸ್ ಗೇಮ್ಸ್, ಮಾರಿಯೊ ವಂಡರ್ ಎರಡನ್ನೂ ಯಂತ್ರಕ್ಕೆ ತೂರಿಸುವ ಗೇಮ್ ಕಾರ್ಡಿನಲ್ಲೇ ತರಲಿ, ಡೌನ್‌ಲೋಡ್ ಬೇಡ. ಮಾರಿಯೊ ಕಾರ್ಟ್ ವರ್ಲ್ಡ್ ಜೊತೆಗಿರುವ ಪೆಟ್ಟಿಗೆ ಸಿಕ್ಕರೆ ಅದನ್ನೇ, ಅದರಲ್ಲೂ ಸ್ಮಾರ್ಟ್ ಸ್ಟೀರಿಂಗ್ ಇದೆ. ನಿಂಟೆಂಡೊ ಖಾತೆಯನ್ನು ನಿಮ್ಮ ಹೆಸರಿನಲ್ಲಿ, ದೇಶ ಅಮೆರಿಕ ಎಂದು ಅವಳೇ ಮಾಡಿಕೊಡಲಿ, ಏಕೆಂದರೆ ಅವರ ಆನ್‌ಲೈನ್ ಅಂಗಡಿಯ ಪಟ್ಟಿಯಲ್ಲಿ ಭಾರತವಿಲ್ಲ. ವೆಂಬಾದಂಥ ಸಣ್ಣ ಆಟಗಳಿಗೆ ಡಾಲರ್ ಗಿಫ್ಟ್ ಕಾರ್ಡ್ ಒಂದನ್ನು ಖಾತೆಗೆ ಹಾಕಿಡಲಿ. ಚಾರ್ಜರ್ 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಪಿನ್ ಮಾತ್ರ ಅಮೆರಿಕದ ಚಪ್ಪಟೆಯದು, ಅದಕ್ಕೊಂದು ಗಟ್ಟಿಯಾದ ಕನ್ವರ್ಟರ್ ಪಿನ್ನನ್ನು ನೀವೇ ಗಾಂಧಿ ಬಜಾರಿನಲ್ಲಿ ತೆಗೆದಿಟ್ಟುಕೊಳ್ಳಿ.